ಹನ್ನೊಂದು ನೀರಿನ ಶ್ಯಾಮಾಚಾರ್ ಸರ್

ಹುಟ್ಟಿದಂದಿನಿಂದ ಉಳ್ಳಾಗಡ್ಡಿಯನ್ನೂ ಬಾಯಿಗೆ ಹಚ್ಚದ ಮನುಷ್ಯನೊಬ್ಬ ಪ್ಯಾಂಟನ್ನು ಮೊಳಕಾಲತನಕ ಮಡಚಿ, ಹಣೆಗೆ ಅಂಗಾರ ಅಕ್ಷತೆ, ಹೆಗಲಿಗೆ ಪಂಜೆ, ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಏಡಿಯ ಚಿಪ್ಪು ತೊಳೆಯುವುದನ್ನು ನೀವು ನೋಡಿರಲಿಕ್ಕಿಲ್ಲ. ನಾನು ನಾಲ್ಕು ವರ್ಷ ನೋಡಿದ್ದೇನೆ. ಒಂದು ನೀರಲ್ಲ, ಎರಡು ನೀರಲ್ಲ, ಹನ್ನೊಂದು ನೀರು. ಎಣಿಕೆ ಬೆರಳ ಗೆಣ್ಣಿನ ಮೇಲೆ, ಜಪದ ಹಾಗೆ. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿತು ಎಂದು ಮತ್ತೆ ಒಂದರಿಂದ ಶುರು. ನಾನೇನು ಕಡಿಮೆಯವಳಲ್ಲ, ಸಿಟ್ಟು ಬಂದ ದಿನ ಬೇಕೆಂತಲೇ ಒಂಬತ್ತನೇ ನೀರಿಗೆ ಹೋಗಿ ಏನಾದರೊಂದು ಕೇಳುತ್ತಿದ್ದೆ.

ಶ್ಯಾಮಾಚಾರ್ ಸರ್ ಸವಣೂರಿನವರು. ತಂದೆ, ಅಜ್ಜ, ಮುತ್ತಜ್ಜ ಎಲ್ಲ ಶಾಸ್ತ್ರ ಓದಿ ವಾದಕ್ಕೆ ಕೂತ ವೈಷ್ಣವ ಮನೆತನ. ಇವರು ಮಾತ್ರ ಜೀವರಸಾಯನ ಓದಿ, ದೂರದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ನಿವೃತ್ತರಾದ ಮೇಲೆ ಹಾನಗಲ್ಲಿನ ಒಂದು ಕಾಲೇಜು ಕೊಟ್ಟ ಎರಡು ಕೋಣೆಗಳಲ್ಲಿ ಪ್ರಯೋಗಾಲಯ ಹೂಡಿದ್ದರು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ದಿನಾ ಬರುತ್ತಿದ್ದರು. ಕೈಯಲ್ಲಿ ಅವಲಕ್ಕಿಯ ಡಬ್ಬಿ, ಚೀಲದಲ್ಲಿ ಅದರ ಜೊತೆ ಮೆಲ್ಲಲು ಮನೆಯಲ್ಲೇ ಕರಿದ ಸವಣೂರು ಖಾರದ ತಗಡಿನ ಡಬ್ಬಿ. ಖಾರ ಮುಗಿದ ಡಬ್ಬಿಯನ್ನು ಎಂದೂ ಬಿಸಾಡಿದವರಲ್ಲ. ಲೇಬಲ್ ಅಂಟಿಸಿ ಫ್ರೀಜರಿನಲ್ಲಿ ಇಡುತ್ತಿದ್ದರು. ಅದರ ಕಥೆ ಮುಂದೆ ಬರುತ್ತದೆ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಏಡಿ, ಸಿಗಡಿ, ಜಿರಳೆ, ಇವುಗಳ ಮೈಗೆ ಗಟ್ಟಿತನ ಕೊಡುವ ವಸ್ತುವಿಗೆ ಚಿಟಿನ್ ಎನ್ನುತ್ತಾರೆ. ಅದು ಬೇಗ ಕೊಳೆಯುವುದಿಲ್ಲ, ಕರಗುವುದಿಲ್ಲ. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ ಅದನ್ನು ಕತ್ತರಿಸುವ ಕಿಣ್ವ ಇದೆ. ಆದರೆ ಆ ಕಿಣ್ವದ್ದು ಎತ್ತಿನ ಗಾಡಿಯ ನಡಿಗೆ. ಅದನ್ನು ಅಲ್ಲಲ್ಲಿ ತಿದ್ದಿ, ಚುರುಕು ಮಾಡಿ, ಗುಡ್ಡೆ ಬಿದ್ದು ನಾರುವ ಚಿಪ್ಪನ್ನು ಹೊಲಕ್ಕೆ ಉಪಯೋಗವಾಗುವ ಗೊಬ್ಬರವಾಗಿಸಬೇಕು ಎಂಬುದು ಸರ್ ಹಟ. ಸಾಯುವುದರೊಳಗೆ ಒಂದು ಗುಡ್ಡೆಯನ್ನಾದರೂ ತಿನ್ನಿಸಿ ನೋಡಬೇಕು ಎನ್ನುತ್ತಿದ್ದರು.

ನಾನು ಸುಜಾತಾ, ಹಂಸಭಾವಿಯವಳು. ನಮ್ಮದು ಬೌದ್ಧರ ಮನೆ, ಒಂದೂವರೆ ಎಕರೆ ಹೊಲ. ಮಳೆಗಾಲ ಹಿಡಿಯುತ್ತಲೇ ನಮ್ಮವ್ವ ಗಂಗವ್ವ ಹಾನಗಲ್ ಕಡೆಯ ಗದ್ದೆಗಳಿಗೆ ನಾಟಿಗೆ ಹೋಗುತ್ತಾಳೆ. ಬರುವಾಗ ಬದುವಿನ ಏಡಿ ಹಿಡಿದು ತರುತ್ತಾಳೆ. ಅವ್ವನ ಏಡಿಸಾರು ಉಂಡವರು ಎಲೆ ಬಿಟ್ಟು ಏಳುವುದಿಲ್ಲ. ಉಂಡ ಮೇಲೆ ಚಿಪ್ಪೆಲ್ಲ ಹಿತ್ತಲ ತಿಪ್ಪೆಗುಂಡಿಗೆ. ನಮ್ಮಜ್ಜಿಯ ಕಾಲದಿಂದ ಅದೇ ಗುಂಡಿ. ನಾನು ಎಂ.ಎಸ್ಸಿ ಮುಗಿಸಿ ಸರ್ ಹತ್ತಿರ ಸಂಶೋಧನೆಗೆ ಬಂದಾಗ, ಅವರು ನನ್ನ ಅಂಕಪಟ್ಟಿಯನ್ನು ಅರ್ಧ ನಿಮಿಷ ನೋಡಿದರು. ಗುಂಡಿಯ ವಿಚಾರವನ್ನು ಒಂದು ತಾಸು ಕೇಳಿದರು. ಆ ಗುಂಡಿಯ ಚಿಟಿಕೆ ಮಣ್ಣಿನಿಂದಲೇ ನಮ್ಮ ಬ್ಯಾಕ್ಟೀರಿಯಾ ಸಿಕ್ಕಿತು. ಚಿಪ್ಪೂ ಅವ್ವನ ಮನೆಯದೇ.

ಮೊದಲ ತಿಂಗಳು ನನಗೆ ಒಂದು ಸಿಟ್ಟಿತ್ತು. ನಾನು ತಂದ ಚಿಪ್ಪನ್ನು ಈ ಮನುಷ್ಯ ಹನ್ನೊಂದು ಸಲ ತೊಳೆಯುತ್ತಾನಲ್ಲ, ಇದು ಏಡಿಯ ಮೈಲಿಗೆಯೋ, ನಮ್ಮ ಮನೆಯ ಮೈಲಿಗೆಯೋ? ತಡೆಯಲಾಗದೆ ಒಂದು ದಿನ ಕೇಳಿಯೇಬಿಟ್ಟೆ.

“ಸರ್, ಚಿಪ್ಪು ನಮ್ಮ ಮನೀದು ಅಂತ ಇಷ್ಟು ತೊಳೀತೀರೇನ್ರಿ?”

ಸರ್ ತೊಳೆಯುವುದನ್ನು ನಿಲ್ಲಿಸಿದರು. ಆರನೇ ನೀರೋ ಏಳನೆಯದೋ ಇರಬೇಕು.

“ನೀ ಕೇಳಿದ್ದು ಛಲೋ ಆತು,” ಎಂದರು. “ನಾ ಏನು ತೊಳೀದೆ ಬಿಟ್ಟೀನಿ ಹೇಳವಾ. ಪೆನ್ನು ತೊಳೀತೀನಿ. ಚಿಲ್ಲರೆ ತೊಳೀತೀನಿ. ಬಸ್ಸಿನ ಟಿಕೀಟು ತೊಳೀಲಿಕ್ಕೆ ಬರೂದಿಲ್ಲ, ಅದಕ್ಕ ಅದನ್ನ ಇಳಿದಕೂಡಲೆ ಒಗೀತೀನಿ. ಇನ್ನ ನಮ್ಮ ಮನ್ಯಾಗ ಏನು ನಡದದ ಗೊತ್ತದ ಏನು? ಏಡಿ ಮುಟ್ಟಿ ಬಂದಾಂವ ಅಂತ ನನ್ನನ್ನ ಹಿತ್ತಲ ಬಾಗಿಲಿನಿಂದ ಕರಕೋತಾರ. ಚಳಿಗಾಲದಾಗೂ ನಲ್ಲಿ ಕೆಳಗ ನಿಂತು ಎರಡು ತಂಬಿಗಿ ತಣ್ಣೀರು ಹಾಕ್ಕೊಂಡ ಮ್ಯಾಲೆ ಒಳಗ ಪ್ರವೇಶ. ಹೊರಗ ನಿಲ್ಲೂದು ಹೆಂಗ ಇರ್ತದ ಅಂತ ನನಗೂ ಸ್ವಲ್ಪ, ಭಾಳ ಸ್ವಲ್ಪ, ಗೊತ್ತದ.”

ನನಗೆ ನಗೆ ಬಂತು. ಸಿಟ್ಟು ಪೂರ್ತಿ ಇಳಿಯಿತು ಎಂದರೆ ಸುಳ್ಳಾಗುತ್ತದೆ. “ಸ್ವಲ್ಪ” ಎಂದು ಅವರೇ ಎರಡು ಸಲ ಹೇಳಿದರಲ್ಲ, ಅದಕ್ಕೆ ಅರ್ಧ ಇಳಿಯಿತು.

ಸರ್ ಕೆಲಸದ ರೀತಿ ನಾನು ಬೇರೆಲ್ಲೂ ಕಂಡಿಲ್ಲ. ಅವರ ಪ್ರಯೋಗಾಲಯದಲ್ಲಿ ನೋಟ್‌ಬುಕ್ಕಿಗೆ ಎಡ ಬಲ ಎಂಬುದು ಬಹಳ ಮುಖ್ಯ. ಎಡಗಡೆಯ ಪುಟಕ್ಕೆ ‘ಪೂರ್ವಪಕ್ಷ’, ಬಲಗಡೆಗೆ ‘ಸಿದ್ಧಾಂತ’. ಅವರ ಮನೆತನದಲ್ಲಿ ವಾದಕ್ಕೆ ಕೂತಾಗ ಎದುರಾಳಿಯ ಮಾತನ್ನು ಮೊದಲು ತಾನೇ ಪೂರ್ತಿ ಹೇಳಬೇಕಂತೆ. ಆಮೇಲೆ ತನ್ನ ಮಾತು. ಅದನ್ನು ಸರ್ ಕಿಣ್ವಕ್ಕೂ ಹಚ್ಚಿದ್ದರು. ಕಿಣ್ವವೆಂದರೆ ಅಮೈನೋ ಆಮ್ಲಗಳ ಉದ್ದದ ಸರ. ಅದರಲ್ಲಿ ಒಂದು ಮಣಿಯನ್ನು ತೆಗೆದು ಬೇರೆ ಮಣಿ ಪೋಣಿಸಬೇಕೆಂದರೆ, ಇದ್ದ ಮಣಿ ಅಲ್ಲೇಕೆ ಇತ್ತು ಎಂದು ಅದರ ಪರವಾಗಿ ಒಂದು ಪುಟ ವಕಾಲತ್ತು ಬರೆಯಬೇಕು. ಬರೆಯದಿದ್ದರೆ ಕೆಲಸ ಮುಂದೆ ಹೋಗುತ್ತಿರಲಿಲ್ಲ.

“ಎದುರಿನಾಂವ ಓದಿ, ಹೌದು, ನಾ ಇದನ್ನ ಹೇಳಾಂವ ಇದ್ದೆ, ನನಗಿಂತ ಛಲೋ ಹೇಳೀದಿ ಅನಬೇಕು,” ಎನ್ನುತ್ತಿದ್ದರು. “ಆವಾಗ ನಿನಗ ಅವನ್ನ ಸೋಲಸೂ ಅಧಿಕಾರ ಬರ್ತದ. ಕೋಟಿ ವರ್ಷದಿಂದ ಆ ಬ್ಯಾಕ್ಟೀರಿಯಾ ಸುಮ್ಮನ ಹಂಗ ಇಟಗೊಂಡಿರ್ತದೇನು? ಅದಕ್ಕೂ ಒಂದು ಮಾತು ಇರ್ತದ.”

ಇನ್ನೊಂದು ಪದ್ಧತಿ. ಸೋತ ಕಿಣ್ವವನ್ನೂ ಬಿಸಾಡುವಂತಿಲ್ಲ. ನಾವು ತಿದ್ದಿದ ಒಂದೊಂದು ಕಿಣ್ವಕ್ಕೂ ಒಂದು ನಂಬರು. ಚೆನ್ನಾಗಿ ಕೆಲಸ ಮಾಡಿದವು ಮೇಲಿನ ಅರೆಯಲ್ಲಿ. ಮಾಡದವು, ಅಂದರೆ ಆ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾದ ಪುಟ್ಟ ಕೊಳವೆಗಳು, ಫ್ರೀಜರಿನ ತಳದಲ್ಲಿ ಖಾರದ ಡಬ್ಬಿಯೊಳಗೆ. “ಸೋತ ಪಕ್ಷದ ಓಲೆನೂ ಕಾಯಬೇಕು,” ಎಂಬುದು ಸರ್ ಮಾತು.

ಮೂರು ವರ್ಷ ನಾವು ಒಂದೇ ದಾರಿ ಹಿಡಿದೆವು. ಈ ಕಿಣ್ವದ ಮೈಯಲ್ಲಿ ಒಂದು ಓಣಿ ಇದೆ. ಚಿಟಿನ್ನಿನ ಎಳೆ ಆ ಓಣಿಯಲ್ಲಿ ಹೊಕ್ಕು, ಕಿಣ್ವ ಅದನ್ನು ಹಿಡಿದುಕೊಂಡು ಕತ್ತರಿಸುತ್ತಾ ಸಾಗುತ್ತದೆ. ಹಿಡಿತ ಗಟ್ಟಿಯಾದಷ್ಟೂ ಬಿಡದೆ ಉದ್ದಕ್ಕೆ ಸಾಗುತ್ತದೆ, ಬಾಳೆನಾರನ್ನು ಒಂದೇ ಎಳೆತಕ್ಕೆ ಕೊನೆಯತನಕ ಸೀಳಿದ ಹಾಗೆ. ಆದ್ದರಿಂದ ಓಣಿಯ ಮಣಿಗಳನ್ನು ಬದಲಿಸಿ ಬದಲಿಸಿ ಹಿಡಿತ ಗಟ್ಟಿ ಮಾಡುತ್ತಾ ಹೋದೆವು. ಪರೀಕ್ಷೆಗೆ ಹನ್ನೊಂದು ನೀರಿನ ಚಿಪ್ಪು. ತೊಳೆದು, ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಸುಣ್ಣ ತೆಗೆದು, ಕ್ಷಾರದಲ್ಲಿ ಮಾಂಸದ ಅಂಶ ತೆಗೆದು, ಕೊನೆಗೆ ಹಾಲಿನಂಥ ಚಿಟಿನ್ ಮಾಡಿ ಪ್ಲೇಟಿಗೆ ಹೊಯ್ಯುತ್ತಿದ್ದೆವು. ಕಿಣ್ವ ಕೆಲಸ ಮಾಡಿದಲ್ಲಿ ಆ ಬಿಳುಪು ಕರಗಿ ತಿಳಿ ಬಳೆಯೊಂದು ಮೂಡುತ್ತಿತ್ತು. ಇಪ್ಪತ್ತಮೂರನೇ ನಂಬರಿನ ಕಿಣ್ವ ಎಷ್ಟು ದೊಡ್ಡ ಬಳೆ ಮಾಡಿತೆಂದರೆ, ಸರ್ ಅಂದು ಅವಲಕ್ಕಿಯನ್ನೂ ಮರೆತು ಅದನ್ನೇ ನೋಡುತ್ತಾ ಕೂತರು.

ಆ ವರ್ಷವೇ ಕಾಲೇಜಿನ ಪ್ರಿನ್ಸಿಪಾಲರು ಬಂದು ಹೇಳಿದರು: “ಸರ, ಪ್ಲೇಟ್ ಸಾಕ್ರಿ. ಒಂದು ಖರೇ ಗುಡ್ಡಿ ತಿನ್ನಿಸಿ ತೋರಸ್ರಿ. ತೋರಿಸಿದ್ರ ರೂಮು ನಿಮ್ದು. ಇಲ್ಲಾಂದ್ರ ಮಾರ್ಚ್‌ಗೆ ಕಂಪ್ಯೂಟರ್ ಲ್ಯಾಬ್‌ಗೆ ಬೇಕಾಗೇದ.” ಮೀನು ಮಾರುವವರ ಹತ್ತಿರ ಒಂದು ಚೀಲ ಹಸಿ ಚಿಪ್ಪನ್ನೂ ತರಿಸಿ ಕಾಂಪೌಂಡಿನ ಮೂಲೆಗೆ ಹಾಕಿಸಿದರು. ಇಪ್ಪತ್ತಮೂರನ್ನು ಸಿಂಪಡಿಸಿದೆವು. ಹದಿನೈದು ದಿನ ಕಾದೆವು. ಚಿಪ್ಪು ಚಿಪ್ಪಾಗಿಯೇ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸರ್ ಬಡವಾಗಿ ಹೋದರು. ಎರಡು ತಿಂಗಳಲ್ಲಿ ಕೋಣೆ ಹೋಗುತ್ತದೆ. ಕೋಣೆಯ ಜೊತೆಗೆ ಅವರ ಆ ಒಂದು ಗುಡ್ಡೆಯೂ, ನನ್ನ ಪ್ರಬಂಧವೂ. ಇಪ್ಪತ್ತಮೂರರ ಹಿಡಿತ ಸಾಲದು, ಇನ್ನೂ ಗಟ್ಟಿ ಮಾಡೋಣ ಎಂದರು. ನಾನು ತಲೆ ಆಡಿಸಿದೆ. ಸುಳ್ಳು ತಲೆಯಾಟ. ನನಗೆ ಕಾರಣ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅನಿಸುತ್ತಿತ್ತು.

ಸಂಶೋಧನೆಯ ಮೊದಲ ವರ್ಷ ಓಣಿಯ ಒಂದು ಮಣಿಯ ಪರವಾಗಿ ವಕಾಲತ್ತು ಬರೆಯುವಾಗ ಹೀಗೆ ಬರೆದಿದ್ದೆ: ‘ಗುಂಡಿಯಲ್ಲಿ ಚಿಪ್ಪು ಎಂದೂ ಇಷ್ಟು ಸ್ವಚ್ಛ ಇರುವುದಿಲ್ಲ. ಸುಣ್ಣ, ಮಾಂಸದ ಅಂಶ, ಕೊಳೆ ಎಲ್ಲ ಅಂಟಿರುತ್ತದೆ. ಹಿಡಿತ ಸಡಿಲ ಇಟ್ಟುಕೊಂಡಿರುವುದು ಅದಕ್ಕೇ ಇರಬಹುದು.’ ಬರೆದು, ಓದಿ, ಅಯ್ಯೋ ಇದು ಸರ್ ತೊಳೆಯುವುದನ್ನೇ ಆಡಿಕೊಂಡಂತಾಯಿತಲ್ಲ ಎಂದು ಗೆರೆ ಎಳೆದು ಹೊಡೆದುಹಾಕಿದ್ದೆ. ಗುರುವಿಗೇ ತಿರುಮಂತ್ರ ಹಾಕಿದಳು ಎನ್ನುವ ಮಾತು ನನಗೆ ಬೇಡವಾಗಿತ್ತು. ಮೊದಲೇ ಒಂದು ಸಲ ಬಾಯಿ ಮಾಡಿದವಳು ನಾನು. ಪ್ಲೇಟಿಗೆ ಶುದ್ಧ ಚಿಟಿನ್ ಹೊಯ್ಯುವುದು ಜಗತ್ತಿನಲ್ಲಿ ಎಲ್ಲರೂ ಮಾಡುವ ಕೆಲಸವೇ. ಆದರೆ ಉಳಿದವರು ನಡುನಡುವೆ ಹೊಲಸು ಚಿಪ್ಪನ್ನೂ ಕೊಟ್ಟು ನೋಡುತ್ತಾರೆ. ನಮ್ಮಲ್ಲಿ ಮೂರು ವರ್ಷದಲ್ಲಿ ತೊಳೆಯದ ಒಂದೇ ಒಂದು ಚಿಪ್ಪೂ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

ಆ ವಾರ ಊರಿಗೆ ಹೋದಾಗ ನಮ್ಮ ಚಿಟಿನ್ ಪುಡಿಯ ಬಾಟಲಿಯನ್ನು ಅವ್ವನಿಗೆ ತೋರಿಸಿದೆ. ಬಿಳಿ ಸಜ್ಜಿಗೆಯ ಹಾಗಿತ್ತು. ಅವ್ವ ಮುಚ್ಚಳ ತೆಗೆದು ಮೂಸಿದಳು.

“ಇದ ಏಡೀನ? ಏಡಿ ಅಂದ್ರ ಏಡಿ ಇದ್ದಂಗ ಇರಬೇಕಲ್ಲವಾ,” ಎಂದಳು. “ವಾಸನಿ ಇಲ್ಲ, ಗಟ್ಟಿ ಇಲ್ಲ. ಹಲ್ಲಿಲ್ಲದ ಮುದುಕನೂ ತಿಂತಾನ ಇದನ್ನ. ಇದನ್ನ ತಿಂದ ನಿಮ್ಮ ಹುಳಕ್ಕ ಏಡಿ ತಿನ್ನಾಕ ಹೆಂಗ ಬರತೈತಿ?”

ಎರಡು ದಿನ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಮೂರನೇ ದಿನ ಹಾನಗಲ್ಲಿಗೆ ಹೋದವಳೇ, ಸರ್ ನಲ್ಲಿಯ ಕೆಳಗೆ ಕೂಡುವುದರೊಳಗೆ, ಹಳೆಯ ನೋಟ್‌ಬುಕ್ಕಿನ ಆ ಎಡಪುಟ ತೆಗೆದು ಅವರ ಮುಂದೆ ಹಿಡಿದೆ. “ಸರ್, ಇದನ್ನ ನಾ ಹೊಡದಹಾಕಬಾರದಾಗಿತ್ರಿ. ನಾವು ಮೂರ ವರ್ಷ ಮಡಿ ಊಟ ಹಾಕಿ ಬೆಳೆಸೇವ್ರಿ. ಅದಕ್ಕ ಹೊರಗಿಂದು ಹತ್ತವಲ್ಲದು.”

ಸರ್ ಕನ್ನಡಕ ತೆಗೆದು ಒರೆಸಿದರು. ಪುಟವನ್ನು ನೋಡಲಿಲ್ಲ.

“ಇದನ್ನ ನಾ ಆವಾಗನ ಓದೀನಿ,” ಎಂದರು. “ವಿದ್ಯಾರ್ಥಿ ಹೊಡದಹಾಕಿದ್ದನ್ನ ನಾ ಎಲ್ಲಾದಕ್ಕೂ ಮೊದಲು ಓದ್ತೀನಿ. ಯಾಕ ಹೊಡದಹಾಕೀದಿ ಅಂತ ನಿನ್ನ ಕೇಳಬೇಕಾಗಿತ್ತು. ಕೇಳಲಿಲ್ಲ. ಕೇಳಿದ್ರ ನೀ ಹೇಳತಿದ್ದಿ.”

ಅಂದು ಸರ್ ಚಿಪ್ಪು ತೊಳೆಯಲಿಲ್ಲ. ಮಧ್ಯಾಹ್ನವೇ ಚೀಲ ಹಿಡಿದು ಸವಣೂರಿಗೆ ಹೋದರು. ಮುಗಿಯಿತು, ಇನ್ನು ಇವರು ನನ್ನ ಮುಖ ನೋಡುವುದಿಲ್ಲ ಎಂದುಕೊಂಡು ನಾನು ಆ ಸಂಜೆ ಅತ್ತೆ.

ಮರುದಿನ ಮಾಮೂಲಿಗಿಂತ ಒಂದು ತಾಸು ಮೊದಲೇ ಬಂದಿದ್ದರು. “ಹಂಸಭಾವಿಗೆ ಬಸ್ಸು ಎಷ್ಟಕ್ಕದ?” ಎಂದಷ್ಟೇ ಕೇಳಿದರು.

ಅವ್ವ ಅಂಗಳದಲ್ಲಿ ಕುರ್ಚಿ ಹಾಕಿ, ಸೆರಗು ಸರಿ ಮಾಡಿಕೊಂಡು, “ಚಾ ತಗೋತೀರೇನ್ರಿ?” ಎಂದಳು. ಸರ್ ಮುಖದಲ್ಲಿ ಬೆವರು. “ನಾ ಹೊರಗ ಎಲ್ಲೂ ಏನೂ ತಗೋಳ್ಳೂದಿಲ್ಲವಾ ಗಂಗವ್ವ. ತಪ್ಪು ತಿಳೀಬ್ಯಾಡ,” ಎಂದರು. ನನಗೆ ನೆಲದೊಳಗೆ ಇಳಿದು ಹೋಗಬೇಕು ಅನಿಸಿತು. ಅವ್ವನಿಗೆ ಏನೂ ಅನಿಸಿದಂತೆ ಕಾಣಲಿಲ್ಲ. “ಇರ್ಲಿ ಬಿಡ್ರಿ. ನಾನೂ ನಿಮ್ಮ ಮನ್ಯಾಗ ಉಣ್ಣಾಕ ಬಂದಿಲ್ಲಲ್ರಿ. ಬಂದ ಕೆಲಸ ಹೇಳ್ರಿ,” ಎಂದಳು. ಆ ಚಹಾದ ವಿಷಯ ಇಂದಿಗೂ ನನ್ನ ಮನಸ್ಸಿನಲ್ಲಿ ಒಂದು ಕಡೆ ಚುಚ್ಚುತ್ತದೆ. ಅದನ್ನು ಮುಚ್ಚಿಟ್ಟು ಅವರ ಚಿತ್ರ ಬರೆದರೆ ಎಡಪುಟ ಖಾಲಿ ಬಿಟ್ಟಂತೆ.

ಸರ್ ಸೀದಾ ಹಿತ್ತಲಿಗೆ ನಡೆದರು. ಗುಂಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ನಾನು ಕೈಗವಸು ಕೊಡಹೋದೆ. ಬೇಡವೆಂದರು. ತೊಳೆಯದ ಬರಿಗೈಯನ್ನು ಗುಂಡಿಗೆ ಇಳಿಸಿ, ಕೊಳೆತ ಎಲೆ, ಬೂದಿ, ಅನ್ನದ ಗಂಜಿ ಅಂಟಿದ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ ಅವ್ವನ ಬಕೀಟಿಗೆ ಹಾಕತೊಡಗಿದರು. ಹಸಿರು ಪ್ಲಾಸ್ಟಿಕ್ ಬಕೀಟು, ಹಿಡಿಕೆಗೆ ತಂತಿ ಸುತ್ತಿದ್ದು.

“ಬಕೀಟ ತಿರುಗಿ ಕೊಡಬೇಕ್ರಿ ಮತ್ತ,” ಎಂದಳು ಅವ್ವ. “ನಮ್ಮನಿಗೆ ಇರೂದ ಎರಡ.”

ಚಿಕ್ಕೇರೂರಿನ ಮೇಲೆ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಬಕೀಟನ್ನು ಸರ್ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಕೆಳಗಿಟ್ಟರೆ ಚೆಲ್ಲುತ್ತದಂತೆ. ಮುಂದಿನ ಎರಡು ಸಾಲು, ಹಿಂದಿನ ಎರಡು ಸಾಲು ಖಾಲಿಯಾದವು. ಕಂಡಕ್ಟರು ಮೂಗಿಗೆ ಕರವಸ್ತ್ರ ಹಿಡಿದು, ಹಣೆಯ ಅಂಗಾರ ಅಕ್ಷತೆಯನ್ನೊಮ್ಮೆ ಬಕೀಟನ್ನೊಮ್ಮೆ ನೋಡಿ, “ಏನ್ರಿ ಆಚಾರ್ರ, ಏನ್ ಐತ್ರಿ ಅದರಾಗ?” ಎಂದ.

“ಪೂರ್ವಪಕ್ಷ ಅದನಪಾ,” ಎಂದರು ಸರ್.

“ಭಾಳ ನಾರತೈತ್ರಿ.”

“ನಾರತದ. ಮೂರು ವರ್ಷ ನಾನು ಕೇಳಲಿಲ್ಲ, ಅದಕ್ಕ.”

ಕಂಡಕ್ಟರು ಏನು ತಿಳಿದುಕೊಂಡನೋ, ಲಗೇಜಿನ ಟಿಕೀಟು ಹಾಕದೆ ಹೋದ.

ಆ ಸಂಜೆ ಫ್ರೀಜರಿನ ತಳದಿಂದ ಖಾರದ ಡಬ್ಬಿ ಹೊರಗೆ ಬಂತು. ಅದರಲ್ಲಿ ಒಂಬತ್ತನೇ ನಂಬರು ಇತ್ತು. ಎರಡು ವರ್ಷದ ಹಿಂದೆ ಹಿಡಿತ ತೀರಾ ಸಡಿಲವೆಂದು ಸೋಲಿಸಿದ್ದ ಕಿಣ್ವ, ಪ್ಲೇಟಿನಲ್ಲಿ ಗುಂಡುಸೂಜಿಯ ತಲೆಯಷ್ಟು ಬಳೆ ಮಾಡಿದ್ದು. ತೊಳೆಯದ ಚಿಪ್ಪನ್ನು ಮೂರು ಸಾಲು ಕೊಳವೆಗಳಿಗೆ ಹಾಕಿದೆವು. ಒಂದಕ್ಕೆ ಬರೀ ನೀರು, ಒಂದಕ್ಕೆ ಇಪ್ಪತ್ತಮೂರು, ಒಂದಕ್ಕೆ ಒಂಬತ್ತು. ಸರ್ ತರ್ಕ ಸರಳವಿತ್ತು. ನಾರಿನಲ್ಲಿ ಗಂಟು ಇದ್ದರೆ ಗಟ್ಟಿಯಾಗಿ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಹಿಡಿದು ಬಿಟ್ಟು ಹಿಡಿಯುವ ಕೈ ಗಂಟು ದಾಟಿ ಮುಂದೆ ಹೋಗುತ್ತದೆ.

ಹನ್ನೆರಡನೇ ದಿನ ನೀರಿನ ಸಾಲು ಹಾಗೆಯೇ ಇತ್ತು. ಇಪ್ಪತ್ತಮೂರರ ಸಾಲೂ ಹೆಚ್ಚುಕಡಿಮೆ ಹಾಗೆಯೇ. ಒಂಬತ್ತರ ಕೊಳವೆಯಿಂದ ಸರ್ ಒಂದು ಚಿಪ್ಪನ್ನು ತೆಗೆದು ಹೆಬ್ಬೆರಳಿನಿಂದ ಒತ್ತಿದರು. ನೆನೆದ ಹಪ್ಪಳದ ಹಾಗೆ ಹರಿಯಿತು. ಪೂರ್ತಿ ಕರಗಿರಲಿಲ್ಲ, ಅರ್ಧಕ್ಕೂ ಕಡಿಮೆಯೇ ಕರಗಿತ್ತು. ಆದರೆ ಅದು ಅವ್ವನ ಗುಂಡಿಯ ಚಿಪ್ಪು, ಒಂದು ನೀರಿನಲ್ಲೂ ತೊಳೆಯದ ಚಿಪ್ಪು. ಸರ್ ಆ ಕೈಯನ್ನು ತೊಳೆದುಕೊಳ್ಳದೆ ಹಾಗೇ ಎತ್ತಿ ಹಿಡಿದುಕೊಂಡು ವರಾಂಡಕ್ಕೆ ಹೋಗಿ, ಪ್ರಿನ್ಸಿಪಾಲರ ಕೋಣೆಯತನಕ ನಡೆದುಹೋದರು. ಗುಡ್ಡೆಗೆ ಅವರು ಇನ್ನೊಂದು ವರ್ಷ ಕೊಟ್ಟರು, ಕೋಣೆ ಉಳಿಯಿತು. ಕಂಪ್ಯೂಟರುಗಳಿಗೆ ಮಹಡಿಯ ಮೇಲೆ ಜಾಗ ಸಿಕ್ಕಿತು.

ಅಂದಿನಿಂದ ನಲ್ಲಿಯ ಕೆಳಗಿನ ಪೂಜೆ ನಿಂತಿತು ಎಂದುಕೊಳ್ಳಬೇಡಿ. ಅರ್ಧ ಚಿಪ್ಪು ಹನ್ನೊಂದು ನೀರು, ಅರ್ಧ ಚಿಪ್ಪು ಹಾಗೆಯೇ. ಎರಡೂ ಪಕ್ಷ ಇರಬೇಕಲ್ಲ. ಮುಂದಿನ ಒಂದು ವರ್ಷದಲ್ಲಿ ಒಂಬತ್ತರ ಓಣಿಯನ್ನು ಇನ್ನೂ ಎರಡು ಕಡೆ ತಿದ್ದಿದೆವು. ಅದನ್ನು ಸಿಂಪಡಿಸಿದ ಮೇಲೆ ಕಾಂಪೌಂಡಿನ ಮೂಲೆಯ ಗುಡ್ಡೆ ಆ ಮಳೆಗಾಲಕ್ಕೆ ಕುಸಿದು ಕರಿಮಣ್ಣಾಯಿತು. ಸರ್ ಅದರ ಮೇಲೆ ನಾಲ್ಕು ಬದನೆ ಸಸಿ ನೆಟ್ಟರು. ಕಾಯಿ ಬಿಟ್ಟಾಗ ಎರಡನ್ನು ಅವ್ವನಿಗೆ ಕಳಿಸಿದರು. ಅವ್ವ ಎಣ್ಣೆಗಾಯಿ ಮಾಡಿ ಉಂಡು, “ಬದನಿಕಾಯಿ ಛಲೋ ಅದಾವು. ಬಕೀಟ ಎಲ್ಲೈತಿ ಕೇಳು,” ಎಂದಳು. ನಾನು ಕೇಳಿದಾಗಲೆಲ್ಲ ಸರ್ ನಾಳೆ ಎನ್ನುತ್ತಿದ್ದರು.

ಸರ್ ಹೋಗಿ ಈಗ ಎರಡು ವರ್ಷ. ಒಂದು ಬೆಳಿಗ್ಗೆ ಶಿಗ್ಗಾಂವಿಯ ಬಸ್ಸು ಹತ್ತಲು ಚಪ್ಪಲಿ ಮೆಟ್ಟುವಾಗ ಕೂತವರು ಏಳಲಿಲ್ಲವಂತೆ. ಅವರ ಒಂದು ಗುಡ್ಡೆಯನ್ನು ಅವರು ಕಣ್ಣಾರೆ ನೋಡಿದ್ದರು, ಅದೊಂದೇ ನನ್ನ ಸಮಾಧಾನ. ಹದಿನೈದು ದಿನ ಬಿಟ್ಟು ನಾನು ಸವಣೂರಿಗೆ ಹೋದೆ. ಅವರ ಹೆಂಡತಿ ಇಂದಿರಾಬಾಯಿಯವರನ್ನು ಅಂದೇ ಮೊದಲು ಮಾತಾಡಿಸಿದ್ದು. ಮುಂಬಾಗಿಲಿನಿಂದಲೇ ಒಳಗೆ ಕರೆದರು. ಆ ಮನೆಯ ನೆಲ, ಗೋಡೆ, ಕಿಟಕಿಯ ಸರಳು, ಯಾವುದನ್ನು ನೋಡಿದರೂ ಈಗಷ್ಟೇ ತೊಳೆದಂತಿತ್ತು. ಮಾತಾಡುತ್ತಾ ಹಿತ್ತಲಿಗೆ ಕರೆದುಕೊಂಡು ಹೋದರು. ಅವರ ಗಂಡ ಚಳಿಯಲ್ಲಿ ತಣ್ಣೀರು ಹಾಕಿಕೊಳ್ಳುತ್ತಿದ್ದ ನಲ್ಲಿಯ ಪಕ್ಕದ ಗೂಡಿನಲ್ಲಿ ಅವ್ವನ ಹಸಿರು ಬಕೀಟು ಇತ್ತು. ತಳದಲ್ಲಿ ಗುಂಡಿಯ ಕರಿ ಕೊಳೆ ಒಣಗಿ ಹೆಪ್ಪುಗಟ್ಟಿತ್ತು. ಒಂದು ಚಿಪ್ಪಿನ ಚೂರೂ ಅಂಟಿಕೊಂಡಿತ್ತು. ಹಿಡಿಕೆಗೆ ದಾರದಿಂದ ಕಟ್ಟಿದ ಚೀಟಿಯ ಮೇಲೆ ಸರ್ ಅಕ್ಷರ: ‘ತೊಳೆಯಬಾರದು.’

“ಈ ಮನ್ಯಾಗ ಐವತ್ತು ವರ್ಷ ಆತು ಬಂದು,” ಎಂದರು ಇಂದಿರಾಬಾಯಿ. “ತೊಳೀಬ್ಯಾಡ ಅಂದಿದ್ದು ಇದೊಂದನ್ನ ನೋಡು. ಎರಡು ಸರ್ತಿ ಜಗಳಾ ಆಡೀನಿ. ಅದು ಸುಜಾತಾನ ಸಿದ್ಧಾಂತ ಅದ, ಮುಟ್ಟಬ್ಯಾಡ ಅಂದ್ರು. ನೀನ ಒಯ್ಯವಾ.”

ಅಲ್ಲಿಯೇ ನಲ್ಲಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಅವರು ನನ್ನ ಪಕ್ಕದಲ್ಲಿ ಕೂತರು.

ತಳದ ಕೊಳೆಯಿಂದ ಒಂದು ಚಿಟಿಕೆ ಕೆರೆದು ಹಾನಗಲ್ಲಿನ ಪ್ಲೇಟಿನ ಮೇಲೆ ಹಾಕಿದೆ. ಅಷ್ಟು ದಿನ ಒಣಗಿಯೂ ಗುಂಡಿಯ ಬ್ಯಾಕ್ಟೀರಿಯಾ ಸತ್ತಿರಲಿಲ್ಲ. ನಾಲ್ಕನೇ ದಿನ ಬಿಳುಪಿನ ನಡುವೆ ತಿಳಿ ಬಳೆ ಬಂತು. ಈಗ ಆ ಎರಡು ಕೋಣೆ ನನ್ನ ಕೈಯಲ್ಲಿವೆ. ಈ ವರ್ಷ ಬಂದ ಇಬ್ಬರು ಹುಡುಗಿಯರಿಗೆ ಎಡಪುಟ ತುಂಬದೆ ಚಹಾ ಕುಡಿಯಲು ಬಿಡುವುದಿಲ್ಲ. ಅವರು ಹೊಡೆದುಹಾಕಿದ ಸಾಲುಗಳನ್ನು ಮೊದಲು ಓದುತ್ತೇನೆ, ಆಮೇಲೆ ಕರೆದು ಕೇಳುತ್ತೇನೆ.

ಬಕೀಟನ್ನು ಹಂಸಭಾವಿಗೆ ಒಯ್ದು ಅವ್ವನ ಮುಂದೆ ಇಟ್ಟೆ. ಅವ್ವ ಒಳಗೆ ಬಗ್ಗಿ ನೋಡಿದಳು.

“ಇಷ್ಟ ತೊಳ್ಯೂ ಮನಷ್ಯಾ, ನನ್ನ ಬಕೀಟ ಒಂದ ತೊಳದ ಕೊಡಾಕ ಆಗಲಿಲ್ಲೇನವಾ ಅವರಿಗೆ?”

“ಬೇಕಂತನ ತೊಳದಿಲ್ಲವ್ವಾ,” ಎಂದು ಚೀಟಿ ಓದಿ ಹೇಳಿದೆ.

ಅವ್ವ ಆ ಬಕೀಟನ್ನು ಎತ್ತಿ ಹಿತ್ತಲ ಗೋಡೆಯ ಮೊಳೆಗೆ ಚೀಟಿ ಸಮೇತ ತೂಗುಹಾಕಿ, ಮನೆಯಲ್ಲಿದ್ದ ಇನ್ನೊಂದು ಬಕೀಟು ಹಿಡಿದು ನೀರಿಗೆ ಹೋದಳು.